ಎಸ್.ವಿ.ಪಿ. ಕಾರ್ಯದರ್ಶಿಯ ರಾಜೀನಾಮೆ

ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ನಾಲ್ಕು ತಿಂಗಳಿಂದ ಇದೊಂದೇ ಮಾತನ್ನು ಹೇಳಿ ಹೇಳಿ ಸಾಕಾಗಿದೆ. ನಂಬಿದವರು ಮಾತ್ರ ಒಬ್ಬರೂ ಇಲ್ಲ. ನೀವಾದರೂ ನಂಬುತ್ತೀರಿ ಎಂದು ಆಸೆಯೇನೂ ಇಲ್ಲ, ಸುಮ್ಮನೆ ಹೇಳುತ್ತಿದ್ದೇನೆ.

ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಮೂರನೆಯ ಮಹಡಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಲಿಫ್ಟಿಗೆಂದು ಬಿಟ್ಟ ಜಾಗವೇನೋ ಇದೆ, ಅದರಲ್ಲಿ ಕಾಲು ಮುರಿದ ಕುರ್ಚಿಗಳನ್ನು ಪೇರಿಸಿದ್ದಾರೆ. ಒಟ್ಟು ಎಪ್ಪತ್ತೆರಡು ಮೆಟ್ಟಿಲು. ನನ್ನ ಎರಡೂ ಮಂಡಿಗಳಿಗೆ ಒಂದೊಂದು ಮೆಟ್ಟಿಲಿನ ಪರಿಚಯವೂ ಇದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಆ ಹದಿನಾಲ್ಕು ತಿಂಗಳನ್ನು ನೆಲಮಹಡಿಯಲ್ಲಿ ಕಳೆಯಬೇಕು ಅನ್ನುವುದೊಂದೇ ಈ ಜನ್ಮದಲ್ಲಿ ನನಗೆ ಉಳಿದಿದ್ದ ಆಸೆ. ಬಾಗಿಲಿನ ಪಕ್ಕದಲ್ಲೇ ‘ವಿಚಾರಣೆ’ ಎಂದು ಬರೆದ ಕಿಟಕಿ ಇದೆ. ಅಲ್ಲಿ ಕೂರುತ್ತಿದ್ದಾಕೆ ನಿವೃತ್ತರಾಗಿ ಕುರ್ಚಿ ಖಾಲಿಯಾಗಿತ್ತು. ನಾನು ಅರ್ಜಿ ಕೊಟ್ಟಿದ್ದೆ. ಸಾಹೇಬರು “ನೋಡೋಣ” ಎಂದಿದ್ದರು. ನಮ್ಮ ಸಾಹೇಬರು ಯಾರು ಏನು ಕೇಳಿದರೂ “ಆಗಲ್ಲ” ಅನ್ನುವವರು. ಅಂಥವರ ಬಾಯಲ್ಲಿ “ನೋಡೋಣ” ಬಂತೆಂದು ನಾನು ಅವತ್ತು ಮನೆಗೆ ಬಿಸ್ಕತ್ತಿನ ಪೊಟ್ಟಣ ಒಯ್ದಿದ್ದೆ.

ಮನೆಯಲ್ಲಿ ನಾನು, ನನ್ನ ಹೆಂಡತಿ, ಹೆಂಡತಿಯ ತಮ್ಮ. “ಒಂದು ವಾರ ಇದ್ದು ಹೋಗ್ತೀನಿ ಭಾವ” ಎಂದು ಬಂದ ಬಾಮೈದ, ಬಂದು ಆರು ವರ್ಷವಾಯಿತು. ಅವನಿಗೆ ಟೀವಿಯಲ್ಲಿ ಸಂಜೆ ಆರರಿಂದ ಏಳರವರೆಗೆ ಚರ್ಚೆ ನೋಡುವ ಚಟ. ಪರದೆಯ ಒಳಗೆ ಎಂಟು ಜನ ಏಕಕಾಲಕ್ಕೆ ಕಿರುಚುತ್ತಾರೆ, ಹೊರಗೆ ಇವನು ಒಂಬತ್ತನೆಯವನು. ಆ ಒಂದು ಗಂಟೆ ತಪ್ಪಿಸಿಕೊಳ್ಳಲು ನಾನು ಬಡಾವಣೆಯ ಮೈದಾನಕ್ಕೆ ಹೋಗತೊಡಗಿದೆ.

ಅಲ್ಲಿ ನಿವೃತ್ತರಾದವರು, ನಿವೃತ್ತಿಯ ಅಂಚಿನಲ್ಲಿರುವವರು ಸೇರಿ ವಾಲಿಬಾಲ್ ಆಡುತ್ತಾರೆ. ಸಂಘದ ಹೆಸರು ‘ಸಂಜೆ ವಾಲಿಬಾಲ್ ಪಡೆ’. ಪಡೆ ಅಂದರೆ ಹನ್ನೊಂದು ಜನ. ಹನ್ನೆರಡನೆಯವನಾಗು ಎಂದು ನನ್ನನ್ನು ಕರೆದರು, ನಾನು ಮಂಡಿ ತೋರಿಸಿದೆ. ಹಾಗಾದರೆ ಅಂಕ ಬರೆ ಎಂದು ಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿದರು. ಆ ಬೆಂಚಿನ ಸುಖವನ್ನು ಏನೆಂದು ಹೇಳಲಿ! ಒಂದು ಗಂಟೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆಗಾಗ “ಎಷ್ಟು?” ಅನ್ನುತ್ತಿದ್ದರು. “ಏಳು–ನಾಲ್ಕು” ಅನ್ನುತ್ತಿದ್ದೆ. ಅಷ್ಟೇ ಮಾತು.

ಬಲೆ ಮತ್ತು ಚೆಂಡನ್ನು ಮನೆಯಲ್ಲಿಟ್ಟುಕೊಳ್ಳಲು ಯಾರ ಹೆಂಡತಿಯೂ ಒಪ್ಪಲಿಲ್ಲ. ನನ್ನ ಹೆಂಡತಿಯನ್ನು ನಾನು ಕೇಳಲಿಲ್ಲ. ಹಾಗಾಗಿ ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು ಎಲ್ಲರೆದುರು ಘೋಷಿಸಿದರು: “ಬಲೆ ಯಾರ ಮನೇಲಿರುತ್ತೋ ಅವರೇ ಕಾರ್ಯದರ್ಶಿ!”

ಇಲ್ಲಿಂದ ನನ್ನ ತಪ್ಪು ಶುರು, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೊಂಬತ್ತು ವರ್ಷ ಗುಮಾಸ್ತ ಅನ್ನಿಸಿಕೊಂಡವನಿಗೆ ಇದ್ದಕ್ಕಿದ್ದಂತೆ ‘ಕಾರ್ಯದರ್ಶಿ’ ಅಂದರೆ ತಲೆ ತಿರುಗದೆ ಇರುತ್ತದೆಯೇ? ಗೇಟಿಗೆ ಒಂದು ಬೋರ್ಡು ಹಾಕಿಸಿಬಿಡೋಣ ಅನ್ನಿಸಿತು. ಮುರಿದ ಕಪಾಟಿನ ಒಂದು ಹಲಗೆ ಇತ್ತು, ಮೊಳದುದ್ದವೂ ಇರಲಿಲ್ಲ. ಬೋರ್ಡು ಬರೆಯುವವನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

“ಸಂಜೆ ವಾಲಿಬಾಲ್ ಪಡೆ ಅಂತ ಪೂರ್ತಿ ಬರೆದ್ರೆ ಯಾರಿಗೂ ಕಾಣಲ್ಲ ಸಾರ್. ಎಸ್.ವಿ.ಪಿ. ಅಂತ ಹಾಕ್ತೀನಿ. ದೊಡ್ಡದಾಗಿ ಕಾಣುತ್ತೆ.”

ದೊಡ್ಡದಾಗಿ ಕಾಣುತ್ತೆ ಅನ್ನುವ ಮಾತಿಗೆ ನಾನು ಬಿದ್ದುಹೋದೆ. ‘ಕಾರ್ಯದರ್ಶಿ, ಎಸ್.ವಿ.ಪಿ.’ ಎಂದು ಕೆಂಪು ಬಣ್ಣದಲ್ಲಿ ಬರೆಸಿ ಗೇಟಿಗೆ ಹೊಡೆಸಿದೆ. ಸಾಲದ್ದಕ್ಕೆ ಅದೇ ಮೂರು ಅಕ್ಷರದ ರಬ್ಬರ್ ಮೊಹರನ್ನೂ ಮಾಡಿಸಿದೆ. ಮೊಹರಿಲ್ಲದ ಕಾರ್ಯದರ್ಶಿ ಯಾವ ಸೀಮೆ ಕಾರ್ಯದರ್ಶಿ?

ಎರಡು ತಿಂಗಳು ಆ ಬೋರ್ಡನ್ನು ಪೋಸ್ಟ್‌ಮ್ಯಾನ್ ಬಿಟ್ಟು ಇನ್ನಾರೂ ನೋಡಲಿಲ್ಲ. ಆಮೇಲೆ ‘ಸಮಾನ ವಿಕಾಸ ಪಕ್ಷ’ ಅನ್ನುವುದೊಂದು ಹುಟ್ಟಿತು. ಹುಟ್ಟಿದ್ದೇ ತಡ, ಊರಿನ ಗೋಡೆಗಳ ಮೇಲೆಲ್ಲ ಎಸ್.ವಿ.ಪಿ., ಎಸ್.ವಿ.ಪಿ.! ನಗರಸಭೆಯ ಚುನಾವಣೆ ಬಂತು, ಹಳಬರ ಮೇಲೆ ಜನಕ್ಕೆ ಸಿಟ್ಟಿತ್ತು, ಹೊಸಬರು ಗೆದ್ದುಬಿಟ್ಟರು. ಗೆದ್ದ ಮರುದಿನ ಬೆಳಿಗ್ಗೆ ನಾನು ಮುಖ ತೊಳೆಯುತ್ತಿರುವಾಗ ಎದುರು ಮನೆಯ ಅಜ್ಜಿ ಕೈಯಲ್ಲೊಂದು ಕಾಗದ ಹಿಡಿದು ಗೇಟು ತಳ್ಳಿಕೊಂಡು ಬಂದಳು. ಈ ಅಜ್ಜಿ ಅಲ್ಲಿಯವರೆಗೆ ನನ್ನ ಜೊತೆ ಆಡಿದ್ದು ಒಂದೇ ಮಾತು, “ನಿಮ್ಮ ಮನೆ ಕಸ ನಮ್ಮ ಕಡೆ ಬಂತು” ಅಂತ.

“ಏನಪ್ಪಾ, ಇಷ್ಟು ದಿನ ಬಾಯೇ ಬಿಡಲಿಲ್ವಲ್ಲ ನೀನು! ನಮ್ಮ ಬೀದೀಲೇ ಕಾರ್ಯದರ್ಶಿ ಇಟ್ಕೊಂಡು ನಾನು ಎರಡು ವರ್ಷದಿಂದ ಕಂಡಕಂಡವರ ಕಾಲು ಹಿಡೀತಿದ್ದೀನಿ. ನಮ್ಮ ಗೇಟಿನ ಮುಂದೆ ಪೈಪು ಒಡೆದು ನೀರು ಸುರೀತಿದೆ. ತಗೋ ಅರ್ಜಿ.”

“ಅಜ್ಜೀ, ನಾನು ಆ ಎಸ್.ವಿ.ಪಿ. ಅಲ್ಲ. ನಮ್ಮದು ವಾಲಿಬಾಲ್.”

“ಏನೋ ಒಂದು. ತಗೋ.”

ನಾನು ತೆಗೆದುಕೊಂಡೆ. ಗುಮಾಸ್ತನ ಕೈಗೆ ಯಾರೂ ಕಾಗದ ಕೊಡಬಾರದು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ಕಾಗದ ಕೈಗೆ ಬಂದ ಕೂಡಲೇ ಕೈ ತಾನಾಗಿಯೇ ಮೂಲೆಯಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಬರೆಯುತ್ತದೆ, ತಾರೀಖು ಹಾಕುತ್ತದೆ, ಕ್ರಮಸಂಖ್ಯೆ ಕೊಡುತ್ತದೆ, ಸಹಿ ಮಾಡುತ್ತದೆ, ಮೊಹರು ಒತ್ತುತ್ತದೆ, ಇನ್ನೊಂದು ಪ್ರತಿ ಇದ್ದರೆ ಅದರ ಮೇಲೂ ಒತ್ತಿ ವಾಪಸು ಕೊಡುತ್ತದೆ. ಬಾಯಿ “ನಾನಲ್ಲ ಅಜ್ಜೀ” ಅನ್ನುತ್ತಿತ್ತು, ಕೈ ಕ್ರಮಸಂಖ್ಯೆ ಒಂದು ಎಂದು ಬರೆಯುತ್ತಿತ್ತು. ಅಜ್ಜಿ ಮೊಹರು ನೋಡಿದಳೇ ಹೊರತು ನನ್ನ ಬಾಯನ್ನು ನೋಡಲಿಲ್ಲ.

ಕಾಗದ ಸುಮ್ಮನೆ ಇಟ್ಟುಕೊಳ್ಳುವುದು ಹೇಗೆ? ಕಚೇರಿಗೆ ಒಯ್ದೆ. ಅಜ್ಜಿಯ ಹಳೆಯ ಅರ್ಜಿ ನಮ್ಮ ಕೋಣೆಯಲ್ಲೇ, ತಪ್ಪು ಕಪಾಟಿನಲ್ಲಿ, ಎರಡು ವರ್ಷದಿಂದ ನಿದ್ದೆ ಮಾಡುತ್ತಿತ್ತು. ತೆಗೆದು ಸರಿಯಾದ ಮೇಜಿಗೆ ಕಳಿಸಿದೆ. ಅದು ನನ್ನ ಕೆಲಸ, ಅದಕ್ಕೇ ಸಂಬಳ. ನಾಲ್ಕನೆಯ ದಿನ ಪೈಪು ರಿಪೇರಿಯಾಯಿತು.

ಅಜ್ಜಿ ಬೀದಿಗೆಲ್ಲ ಸಾರಿದಳು. “ಎಂಥ ಪಕ್ಷ ಅಂತೀರಿ! ಬರೆದುಕೊಟ್ಟು ನಾಲ್ಕೇ ದಿನ!”

ಮರುದಿನ ಗೇಟಿನ ಮುಂದೆ ಹದಿನೆಂಟು ಜನ. ನಾನು ಹೊರಗೆ ಬರುವಷ್ಟರಲ್ಲಿ ಬಾಮೈದ ಜಗಲಿಯಲ್ಲಿ ಕುರ್ಚಿ ಹಾಕಿಸಿ, ಹಳೆಯ ಕ್ಯಾಲೆಂಡರನ್ನು ಹರಿದು ಚೀಟಿ ಮಾಡಿ, ನಂಬರು ಹಂಚುತ್ತಿದ್ದ. ಆರು ವರ್ಷದಲ್ಲಿ ಅವನು ಎಂಟು ಗಂಟೆಗೆ ಮುಂಚೆ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಏನೋ ಇದು?”

“ಸುಮ್ಮನಿರಿ ಭಾವ. ಜನ ನಂಬ್ಕೊಂಡು ಬಂದಿದ್ದಾರೆ. ನಾನು ನಿಮ್ಮ ಆಪ್ತ ಸಹಾಯಕ ಅಂತ ಹೇಳಿದ್ದೀನಿ. ನನ್ನ ಮರ್ಯಾದೆ ತೆಗೀಬೇಡಿ.”

“ನಾನು ಪಕ್ಷದವನಲ್ಲ ಕಣೋ!”

“ಎಷ್ಟು ವಿನಯ ನೋಡಿ!” ಎಂದು ಸಾಲಿನಲ್ಲಿದ್ದ ದರ್ಜಿ ಪಕ್ಕದವರಿಗೆ ಹೇಳಿದ. “ಕೆಲಸ ಮಾಡೋರು ಹೇಳ್ಕೊಳಲ್ಲ ಸ್ವಾಮೀ.”

ಆಮೇಲೆ ನಿಲ್ಲಲೇ ಇಲ್ಲ. ನಾಯಿ ಬೊಗಳುತ್ತದೆ ಎಂದು ಒಬ್ಬರು, ಅಳಿಯನಿಗೆ ವರ್ಗ ಮಾಡಿಸಿ ಎಂದು ಇನ್ನೊಬ್ಬರು. ಗಂಡನ ಗೊರಕೆಗೆ ಏನಾದರೂ ವ್ಯವಸ್ಥೆ ಮಾಡಿ ಎಂದು ಒಬ್ಬಾಕೆ ಮೂರು ಪುಟ ಬರೆದು ತಂದಿದ್ದರು. ಗಂಡ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಮೊದಮೊದಲು ಪ್ರತಿಯೊಬ್ಬರಿಗೂ ವಾಲಿಬಾಲ್ ಎಂದು ಬಿಡಿಸಿ ಹೇಳುತ್ತಿದ್ದೆ. ಎರಡನೆಯ ವಾರಕ್ಕೆ ಸುಸ್ತಾಗಿಹೋಯಿತು. ಹೇಳುವುದಕ್ಕಿಂತ ಬರೆದುಕೊಳ್ಳುವುದೇ ಬೇಗ ಮುಗಿಯುತ್ತಿತ್ತು. ಗೊರಕೆಗೂ ‘ಸ್ವೀಕರಿಸಲಾಗಿದೆ’ ಎಂದು ಬರೆದೆ, ಕ್ರಮಸಂಖ್ಯೆ ಐವತ್ತೇಳು. ನೀರಿಗೆ ಸಂಬಂಧಿಸಿದವನ್ನು ಕಚೇರಿಗೆ ಒಯ್ದೆ. ಉಳಿದವನ್ನು ವಾಲಿಬಾಲ್ ಬಲೆಯ ಚೀಲದಲ್ಲಿ ಹಾಕಿಟ್ಟೆ.

“ರೀ, ಬೇಡ ಅಂದುಬಿಡಿ,” ಎಂದಳು ಹೆಂಡತಿ.

“ದಿನಾ ಅಂತೀನಲ್ಲೇ.”

“ಅನ್ನೋ ಹಾಗೆ ಅನ್ನಿ. ಸಹಿ ಮಾಡ್ತಾ ಅನ್ಬೇಡಿ.”

ಅವಳು ಹೇಳಿದ್ದು ಸರಿ. ಅವಳು ಯಾವಾಗಲೂ ಸರಿಯೇ ಹೇಳುತ್ತಾಳೆ, ಅದೇ ಕಷ್ಟ.

ಕ್ರಮಸಂಖ್ಯೆ ನೂರ ನಲವತ್ತಮೂರಕ್ಕೆ ಬಂದ ದಿನ ಸಾಹೇಬರು ಕರೆಸಿದರು. ಅವರ ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು, ನನ್ನನ್ನು ನೆಲಮಹಡಿಯ ‘ವಿಚಾರಣೆ’ ಕಿಟಕಿಗೆ ಹಾಕಿದ ಆದೇಶ, ಟೈಪಾಗಿ ಸಹಿಗೆ ಕಾದಿತ್ತು. ನನ್ನ ಹೆಸರನ್ನು ತಲೆಕೆಳಗಾಗಿಯೇ ಓದಿಕೊಂಡೆ. ಇನ್ನೊಂದು, ಯಾರೋ ಹೆಸರಿಲ್ಲದೆ ಬರೆದ ದೂರು. ಅದಕ್ಕೆ ಗೊರಕೆಯ ಅರ್ಜಿಯ ಪ್ರತಿ ಲಗತ್ತಾಗಿತ್ತು.

“ಇದು ನಿಮ್ಮ ಸಹೀನಾ?”

“ಹೌದು ಸಾರ್.”

“ಮೊಹರು?”

“ನಮ್ಮದೇ ಸಾರ್. ಆದರೆ ಅದು ವಾಲಿಬಾಲ್.”

ಸಾಹೇಬರು ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. “ಚೆಂಡು ಎಲ್ಲಿದೆ ಇದರಲ್ಲಿ?”

“ಚೆಂಡಿನ ಚಿತ್ರ ಹಾಕಿಸಿಲ್ಲ ಸಾರ್.”

“ನೌಕರರು ಪಕ್ಷ ಸೇರಬಾರದು ಅಂತ ನಿಯಮ ಇದೆ. ನೀವು ಸೇರಿಲ್ಲ ಅಂತ ಪಕ್ಷದಿಂದಲೇ ಒಂದು ಕಾಗದ ತನ್ನಿ. ಅಲ್ಲೀವರೆಗೆ ಇದು ಇಲ್ಲೇ ಇರಲಿ.” ಹೀಗೆಂದು ಆದೇಶದ ಮೇಲೆ ಗಾಜಿನ ಗುಂಡು ಇಟ್ಟುಬಿಟ್ಟರು. ನನ್ನ ಹೊಟ್ಟೆಯ ಮೇಲೇ ಇಟ್ಟಂತಾಯಿತು. ಎಪ್ಪತ್ತೆರಡು ಮೆಟ್ಟಿಲು ಹತ್ತಿ ವಾಪಸು ಹೋಗುವಾಗ ಎರಡು ಕಡೆ ಕೂತೆ.

ಪಕ್ಷದ ಕಚೇರಿಗೆ ಹೋದೆ. ಅಲ್ಲೂ ಮೆಟ್ಟಿಲೇ, ಎರಡನೆಯ ಮಹಡಿ, ನನ್ನ ಹಣೆಬರಹ. ಒಳಗೆ ಮೂರು ಜನ ಸಭೆ ನಡೆಸುತ್ತಿದ್ದರು. ಯಾರು ಯಾರ ಪಕ್ಕ ಕೂರಬೇಕು ಅನ್ನುವ ವಿಷಯಕ್ಕೆ ಜಗಳ ಹತ್ತಿತ್ತು. ನಾನು ಯಾರೆಂದು ಹೇಳಿದ್ದೇ ಪಕ್ಷದ ಅಧ್ಯಕ್ಷರು ಎದ್ದುಬಂದು ಎರಡೂ ಕೈ ಹಿಡಿದುಕೊಂಡರು.

“ನೀವೇನಾ! ನಾವು ಹುಡುಕ್ತಾನೇ ಇದ್ದೀವಿ. ಗೆದ್ದು ಮೂರು ತಿಂಗಳಾಯ್ತು, ನಾವು ಒಂದು ಅರ್ಜೀನೂ ಮುಟ್ಟಿಲ್ಲ. ಹೋದಲ್ಲೆಲ್ಲ ಜನ ನಿಮ್ಮ ಪಕ್ಷ ಚೆನ್ನಾಗಿ ಕೆಲಸ ಮಾಡ್ತಿದೆ ಅಂತಾರೆ. ನಮಗೇ ಗಾಬರಿ! ಯಾರಪ್ಪಾ ಮಾಡ್ತಿರೋದು ಅಂತ.”

“ನಾನು ನಿಮ್ಮ ಪಕ್ಷದವನಲ್ಲ ಸ್ವಾಮೀ. ಅಲ್ಲ ಅಂತ ಒಂದು ಕಾಗದ ಬೇಕಿತ್ತು.”

“ಅಲ್ಲ ಅನ್ನೋದಕ್ಕೆ ಕಾಗದ ಇಲ್ಲ. ಪಕ್ಷದಲ್ಲಿ ಇಲ್ಲದವರಿಗೆಲ್ಲ ಬರೆದುಕೊಡ್ತಾ ಕೂತ್ರೆ ಊರಿಗೆಲ್ಲ ಬರೀಬೇಕಾಗುತ್ತೆ. ನಮ್ಮಲ್ಲಿರೋದು ಎರಡೇ ನಮೂನೆ. ಒಂದು ಸೇರೋದಕ್ಕೆ, ಒಂದು ರಾಜೀನಾಮೆ ಅಂಗೀಕಾರಕ್ಕೆ. ಎರಡನೇದು ಜಾಸ್ತಿ ಖರ್ಚಾಗುತ್ತೆ, ಬೇಕಾದಷ್ಟು ಅಚ್ಚು ಹಾಕಿಸಿದ್ದೀವಿ. ಈಗ ಸೇರಿ, ಹತ್ತು ನಿಮಿಷ ಬಿಟ್ಟು ರಾಜೀನಾಮೆ ಕೊಡಿ, ಅಂಗೀಕಾರ ತಗೊಂಡು ಹೋಗಿ.”

ಕೇಳಲು ಸರಿಯಾಗಿಯೇ ಇತ್ತು. ಸುಸ್ತಾದ ಮನುಷ್ಯನಿಗೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ. ಅವರು ಸದಸ್ಯತ್ವದ ನಮೂನೆಯನ್ನು ನನ್ನ ಕೈಗಿತ್ತರು. ಪೆನ್ನು ತೆಗೆದೆ. ನೋಡುತ್ತೇನೆ, ನಮೂನೆಯ ಮೂಲೆಯಲ್ಲಿ ‘ಸ್ವೀಕರಿಸಲಾಗಿದೆ, ಕ್ರಮಸಂಖ್ಯೆ ನೂರ ನಲವತ್ತನಾಲ್ಕು’ ಎಂದು ಬರೆದು ಸಹಿ ಮಾಡಿದ್ದೇನೆ! ಪಕ್ಷವೇ ನನಗೆ ಅರ್ಜಿ ಕೊಟ್ಟಂತಾಯಿತು. ಅಧ್ಯಕ್ಷರು ಕಾಗದ ನೋಡಿದರು, ನನ್ನನ್ನು ನೋಡಿದರು. ಮೂವರೂ ಗುಸುಗುಸು ಮಾತಾಡಿಕೊಳ್ಳುವಾಗ ನಾನು ಮೆಲ್ಲನೆ ಕಾಲ್ತೆಗೆದೆ.

ಕಾಗದ ತರಲಿಲ್ಲವೆಂದು ಸಾಹೇಬರು ವಿಚಾರಣಾಧಿಕಾರಿಯೊಬ್ಬರನ್ನು ನೇಮಿಸಿದರು. ನನಗಿಂತ ಎರಡು ವರ್ಷ ಚಿಕ್ಕವರು, ಕಣ್ಣಿನ ಕೆಳಗೆ ಚೀಲ, ಕಂಕುಳಲ್ಲಿ ಕಡತ. ಅಂಥ ಸಂಘ ನಿಜವಾಗಿ ಇದೆಯೋ ಇಲ್ಲವೋ ಖುದ್ದಾಗಿ ನೋಡುತ್ತೇನೆ ಎಂದು ಸಂಜೆ ಆರಕ್ಕೆ ಮೈದಾನಕ್ಕೆ ಬಂದರು.

ಹೆಡ್‌ಮಾಸ್ಟರು ಹಿಂದಿನ ದಿನವೇ ಉಳಿದ ಹತ್ತು ಜನರಿಗೂ ತಾಕೀತು ಮಾಡಿದ್ದರು. “ಕಾರ್ಯದರ್ಶಿಗಳ ಕುರ್ಚಿ ಪ್ರಶ್ನೆ. ಆಟಗಾರರ ಹಾಗೆ ಕಾಣಬೇಕು.” ಇಷ್ಟು ಹೇಳಿದ್ದೇ ತಡ, ಎಲ್ಲರಿಗೂ ಬರುತ್ತಿದ್ದ ಆಟವೂ ಮರೆತುಹೋಯಿತು. ಮೊದಲ ಹೊಡೆತಕ್ಕೇ ಚೆಂಡು ಪಕ್ಕದ ಮನೆಯ ಕಾಂಪೌಂಡಿಗೆ ಹಾರಿತು. ಎರಡನೆಯದಕ್ಕೆ ಹೆಡ್‌ಮಾಸ್ಟರು ಬಲೆಯಲ್ಲಿ ಸಿಕ್ಕಿಕೊಂಡರು. ಅವರನ್ನು ಬಿಡಿಸುತ್ತಿರುವಾಗ ರಸ್ತೆಯ ಕಡೆಯಿಂದ ಗದ್ದಲ ಕೇಳಿಸಿತು. ಬಾಮೈದ ಮುಂದೆ, ಅಜ್ಜಿ ಪಕ್ಕದಲ್ಲಿ, ಹಿಂದೆ ಇಡೀ ಬೀದಿ!

“ನಮ್ಮ ಕಾರ್ಯದರ್ಶಿಯನ್ನು ಮುಟ್ಟಿದರೆ ಸುಮ್ಮನಿರಲ್ಲ!” ಎಂದು ಬಾಮೈದ ಕೂಗಿದ.

“ಸುಮ್ಮನಿರಲ್ಲ!” ಎಂದಿತು ಬೀದಿ.

“ಎಸ್.ವಿ.ಪಿ.ಗೆ ಜಯವಾಗಲಿ!”

ಬೆಂಚಿನ ಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಇಪ್ಪತ್ತೊಂಬತ್ತು ವರ್ಷದ ಸರ್ವಿಸು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಜ್ಜಿ ನೇರವಾಗಿ ಅಧಿಕಾರಿಗಳ ಮುಂದೆ ಬಂದು ನಿಂತಳು.

“ನೀನೇನಪ್ಪಾ ವಿಚಾರಣೆ ಮಾಡೋನು? ಬರ್ಕೋ. ಈ ಮನುಷ್ಯನಷ್ಟು ಪ್ರಾಮಾಣಿಕ ರಾಜಕಾರಣಿಯನ್ನ ನಾನು ಕಂಡಿಲ್ಲ.”

“ಬರ್ಕೊಂಡೆ ತಾಯೀ,” ಎಂದರು ಅಧಿಕಾರಿಗಳು, ಕಡತ ತೆರೆಯದೆಯೇ. ಆಮೇಲೆ ನನ್ನ ಪಕ್ಕದಲ್ಲಿ ಬಂದು ಕೂತರು. ಬೀದಿಯ ಜನ ಸ್ವಲ್ಪ ಹೊತ್ತು ಕೂಗಿ, ಆಟ ನೋಡಲು ನಿಂತು, ಹೆಡ್‌ಮಾಸ್ಟರ ತಂಡಕ್ಕೆ ಚಪ್ಪಾಳೆ ತಟ್ಟತೊಡಗಿದರು. ಕತ್ತಲಾಗುವ ಮುಂಚಿನ ತಂಪು ಗಾಳಿ ಬೀಸುತ್ತಿತ್ತು.

“ದಿನಾ ಇಲ್ಲೇ ಕೂರ್ತೀರಾ?” ಎಂದು ಅಧಿಕಾರಿಗಳು ಕೇಳಿದರು.

“ಒಂದು ಗಂಟೆ.”

“ಯಾರೂ ಏನೂ ಕೇಳಲ್ವಾ?”

“ಅಂಕ ಕೇಳ್ತಾರೆ. ಅಷ್ಟೇ.”

“ಹೌದಾ!” ಎಂದು ಉಸಿರುಬಿಟ್ಟರು. ಕಡತವನ್ನು ಬೆಂಚಿನ ಕೆಳಗಿಟ್ಟು ಆಟ ಮುಗಿಯುವವರೆಗೂ ಕಾಲು ಚಾಚಿ ಕೂತರು. ಆಟ ಮುಗಿದು ಸೋತ ಕಡೆಯ ಆರು ಜನ ಬಂದು “ಸೋತ್ವಿ, ಬರ್ಕೊಳ್ಳಿ” ಎಂದರು. ಅಧಿಕಾರಿಗಳ ಕಿವಿ ನೆಟ್ಟಗಾಯಿತು.

“ಇದು ರಾಜಕೀಯ ಪಕ್ಷ ಅಲ್ಲ,” ಎಂದರು. “ಸೋತ್ವಿ ಅಂತ ತಾವಾಗೇ ಬಂದು ಹೇಳ್ತಿದ್ದಾರೆ. ವರದಿ ನಿಮ್ಮ ಪರವಾಗೇ ಬರೀತೀನಿ. ಆದರೆ ಕಡತ ಸುಮ್ಮನೆ ಮುಚ್ಚೋಕಾಗಲ್ಲ, ಮುಚ್ಚೋಕೆ ಒಂದು ಕಾಗದ ಬೇಕು. ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಅಂಗೀಕಾರ ಆಗಿದೆ ಅಂತ ಬರೆಸ್ಕೊಂಡು ಬನ್ನಿ.”

“ಯಾವ ಎಸ್.ವಿ.ಪಿ.ಗೆ ಸಾರ್?”

“ನೀವು ಯಾವುದರಲ್ಲಿ ಇದ್ದೀರೋ ಅದಕ್ಕೆ. ಕಡತಕ್ಕೆ ಅಷ್ಟು ಸಾಕು.”

ನಾನು ಇದ್ದದ್ದು ಒಂದರಲ್ಲೇ. ಮಾರನೆಯ ಸಂಜೆ ನಾಲ್ಕು ಸಾಲು ಬರೆದು ಹೆಡ್‌ಮಾಸ್ಟರ ಕೈಗೆ ಕೊಟ್ಟೆ. ಅವರು ಉಳಿದ ಹತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಗಟ್ಟಿಯಾಗಿ ಓದಿದರು. ಆಟಕ್ಕೆ ನಾನು ಸಲ್ಲಿಸಿದ ಸೇವೆಯನ್ನು ಕೊಂಡಾಡಿದರು. ನಾನು ಚೆಂಡನ್ನು ಮುಟ್ಟಿದ್ದೇ ಮನೆಯಿಂದ ತರುವಾಗ, ಒಯ್ಯುವಾಗ. ಆದರೂ ಕೇಳುತ್ತ ಕೇಳುತ್ತ ನನಗೆ ನಿಜವಾಗಿ ಅಳು ಬಂತು, ಯಾಕೆ ಮುಚ್ಚಿಡಲಿ? ಬಲೆ, ಚೆಂಡು, ಮೊಹರು ಎಲ್ಲ, ಹಿಂದಿನ ಸಂಜೆ ಆಟ ನೋಡಿ ಪಡೆಗೆ ಸೇರಿಕೊಂಡು ಹೊಸ ಕಾರ್ಯದರ್ಶಿಯಾದ ದರ್ಜಿಯ ಮನೆಗೆ ಹೋದವು.

ಸುದ್ದಿ ಪಕ್ಷದವರ ಕಿವಿಗೆ ಬಿದ್ದು ಅಲ್ಲೂ ಜಗಳ ಹತ್ತಿತು. ‘ಎಸ್.ವಿ.ಪಿ. ಕಾರ್ಯದರ್ಶಿ ರಾಜೀನಾಮೆ, ಪಕ್ಷದಲ್ಲಿ ಭಿನ್ನಮತ’ ಎಂದು ಸಂಜೆ ಆರರ ಚರ್ಚೆಗೆ ಬಂತು. ಎಂಟು ಜನ ಕಿರುಚಿದರು. ನಾಲ್ಕು ಜನ ನನ್ನನ್ನು ತತ್ವನಿಷ್ಠ ಎಂದರು, ನಾಲ್ಕು ಜನ ಅವಕಾಶವಾದಿ ಎಂದರು. ಬಾಮೈದ ಮೊದಲ ಸಲ ಟೀವಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಮುಗಿದ ಮೇಲೆ “ನೀವು ದೊಡ್ಡ ಮನುಷ್ಯರು ಭಾವ” ಎಂದ.

ಹೆಡ್‌ಮಾಸ್ಟರು ಬರೆದುಕೊಟ್ಟ ಅಂಗೀಕಾರದ ಕಾಗದ ನೋಡಿ ಸಾಹೇಬರು ಗಾಜಿನ ಗುಂಡು ಎತ್ತಿ ಸಹಿ ಮಾಡಿದರು. ಸೋಮವಾರ ನಾನು ಒಂದೂ ಮೆಟ್ಟಿಲು ಹತ್ತದೆ ಒಳಗೆ ಹೋಗಿ ‘ವಿಚಾರಣೆ’ ಕಿಟಕಿಯ ಹಿಂದೆ ಕೂತೆ. ಕುರ್ಚಿಗೆ ಎರಡು ಕೈ, ಹಿಂದೆ ಮೆತ್ತೆ, ಪಕ್ಕದಲ್ಲಿ ಫ್ಯಾನು. ಕಾಲು ಚಾಚಿದೆ. ಅಯ್ಯಪ್ಪಾ, ಎಂಥ ಸುಖ! ಸುಮಾರು ಒಂದೂವರೆ ನಿಮಿಷ.

ದಾಖಲೆ ಕೋಣೆಯಲ್ಲಿ ಕಡತಗಳ ಜೊತೆ ಬಾಳಿದವನಿಗೆ ಒಂದು ವಿಷಯ ಹೊಳೆದಿರಲಿಲ್ಲ. ಕಡತ ಮಾತಾಡುವುದಿಲ್ಲ, ವಿಚಾರಣೆಯ ಕಿಟಕಿಗೆ ಬರುವವರು ಮಾತಾಡುತ್ತಾರೆ. ಅದೂ ಅಲ್ಲದೆ ‘ನಮ್ಮ ಕಾರ್ಯದರ್ಶಿ ಕೆಳಗೇ ಕೂರ್ತಾರೆ, ಕೇಳಿದ್ದಕ್ಕೆಲ್ಲ ಬರೆದುಕೊಡ್ತಾರೆ’ ಎಂದು ಬೀದಿಯಿಂದ ಬೀದಿಗೆ ಸುದ್ದಿ ಹೋಗಿತ್ತು. ಸಾಲು ಬಾಗಿಲು ದಾಟಿ ರಸ್ತೆಯವರೆಗೆ ಇತ್ತು. ಪಕ್ಷ ಬಿಟ್ಟಿದ್ದು ಸರಿಯೋ ತಪ್ಪೋ ಎಂದು ಒಬ್ಬೊಬ್ಬರೂ ಮೊದಲು ಬುದ್ಧಿ ಹೇಳಿ, ಆಮೇಲೆ ನೀರಿನ ವಿಷಯಕ್ಕೆ ಬರುತ್ತಿದ್ದರು. ಐದಕ್ಕೆ ಮುಚ್ಚಬೇಕಾದ ಕಿಟಕಿಯನ್ನು ದಿನಾ ಏಳಕ್ಕೆ ಮುಚ್ಚುತ್ತಿದ್ದೇನೆ. ಮೈದಾನದ ಬೆಂಚು ನನ್ನ ಪಾಲಿಗೆ ಹೋದಂತೆಯೇ. ಅಲ್ಲಿ ಈಗ ದಿನಾ ವಿಚಾರಣಾಧಿಕಾರಿಗಳು ಬಂದು ಕೂರುತ್ತಾರಂತೆ. ಹುದ್ದೆ ಕೊಡಲು ಹೋದದ್ದಕ್ಕೆ “ಬೇಡ, ಸುಮ್ಮನೆ ಕೂರ್ತೀನಿ” ಎಂದರಂತೆ. ಅಷ್ಟು ಬುದ್ಧಿ ನನಗೆ ಇರಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮೊದಲ ವಾರ ಮುಗಿದ ಶನಿವಾರ ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಜಗಲಿಯಲ್ಲಿ ಕೂತುಬಿಟ್ಟೆ. ಹೆಂಡತಿ ಟೀ ತಂದಿಟ್ಟು ಪಕ್ಕದಲ್ಲಿ ಕೂತಳು.

“ಮಂಡಿ ಹೇಗಿದೆ ರೀ?”

ತಲೆಯಾಡಿಸಿದೆ.

“ನೋವು ಹೋಯ್ತಾ?”

ಮತ್ತೆ ತಲೆಯಾಡಿಸಿದೆ.

“ಮತ್ತೆ ಯಾಕ್ರೀ ಹೀಗೆ ಮೂಕನ ಹಾಗೆ ಕೂತಿದ್ದೀರಿ? ಕೇಳಿದ ಕುರ್ಚಿ ಸಿಕ್ತಲ್ಲ!”

“ದವಡೆ ನೋಯ್ತಿದೆ ಕಣೇ,” ಎಂದೆ. ಅಷ್ಟು ಹೇಳುವುದಕ್ಕೂ ನೋವಾಯಿತು.